ನಿನ್ನ ಸಾಲು, ನನ್ನ ಗಂಟಲು

ಜನವರಿ ೧೧

ಅಣ್ಣನಿಗೆ,

ಮೊದಲು ಒಳ್ಳೆಯ ಸುದ್ದಿ. ನೀನು ಬರೆದ ‘ನಿಲ್ಲು’ವನ್ನು ಶನಿವಾರ ಹಾಡಿದೆ. ಹಾಡಿದೆ ಎನ್ನಬೇಕೋ ಹೇಳಿದೆ ಎನ್ನಬೇಕೋ, ರ‍್ಯಾಪ್‌ಗೆ ಯಾವ ಕ್ರಿಯಾಪದ ಹಾಕುವುದೆಂದು ನನಗಿನ್ನೂ ತಿಳಿದಿಲ್ಲ. ಅಮ್ಮನನ್ನು ಕೇಳಿದರೆ ‘ಜಗಳ ಆಡಿದೆ’ ಅನ್ನುತ್ತಾಳೆ. ಅದೊಂದು ನೆಲಮಾಳಿಗೆ. ಮೇಲೆ ಟೈರ್ ಅಂಗಡಿ, ಕೆಳಗೆ ನಾವು. ನನಗಿಂತ ಮೊದಲು ಹಾಡಿದವರಿಗೆ ಜನ ಬೆನ್ನು ತಿರುಗಿಸಿ ಹರಟುತ್ತಿದ್ದರು. ನಾನು ಶುರುಮಾಡಿದೆ:

ನಿಲ್ಲು, ನನ್ನ ಮಾತು ಇನ್ನೂ ದಾರಿಯಲ್ಲಿದೆ,
ನೀ ಕೊಟ್ಟ ಉತ್ತರಕ್ಕೆ ನನ್ನ ಪ್ರಶ್ನೆ ಎಲ್ಲಿದೆ?

ಎರಡನೆಯ ಸಾಲಿಗೆ ಹರಟೆ ನಿಂತಿತು. ಮುಗಿಯುವ ಹೊತ್ತಿಗೆ ಎಲ್ಲರ ಮುಖವೂ ನನ್ನ ಕಡೆಗಿತ್ತು. ಹಗಲೆಲ್ಲ ಚಪ್ಪಲಿ ಅಂಗಡಿಯಲ್ಲಿ ಜನರ ಪಾದ ನೋಡುವವಳಿಗೆ ಒಮ್ಮೆಗೇ ಅಷ್ಟು ಮುಖಗಳು!

ಆಮೇಲೆ ಒಬ್ಬ ಬಂದ. ಹತ್ತಿರದಲ್ಲೇ ರೆಕಾರ್ಡಿಂಗ್ ಕೋಣೆ ಇಟ್ಟುಕೊಂಡಿದ್ದಾನೆ. ಕೊರಳಿನಿಂದ ಹೆಡ್‌ಫೋನ್ ಇಳಿಸುವುದೇ ಇಲ್ಲ, ಅದಕ್ಕೇ ಎಲ್ಲರೂ ಅವನನ್ನು ಹೆಡ್‌ಫೋನ್ ಎಂದೇ ಕರೆಯುತ್ತಾರೆ. “ಸಾಲು ಚೆನ್ನಾಗಿದೆ, ಅದಿರ್ಲಿ. ನೀನು ಹೇಳೋ ರೀತಿ ಇದ್ಯಲ್ಲ, ಅದು ಯಾರ ಹತ್ರಾನೂ ಇಲ್ಲ. ಎಲ್ಲಿಂದ ತಂದೆ?” ಅಂದ. “ಬಂತು, ಅಷ್ಟೇ” ಅಂದೆ. ಬರೆದದ್ದು ಯಾರೆಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ನಿನ್ನ ಹೆಸರು ಎಲ್ಲಿಯೂ ಬರಬಾರದೆಂದು ನೀನೇ ಹೇಳಿದ್ದೀಯಲ್ಲ.

ಇನ್ನಷ್ಟು ಹಾಡು ಬೇಕಂತೆ. ಕಳಿಸುತ್ತೀಯಾ? ನನಗೂ ಒಂದು ವೇದಿಕೆಯ ಹೆಸರು ಸಿಕ್ಕಿದೆ. ‘ಕಂಚು’. ಕಂಚಿನ ಕಂಠವಂತೆ! ನಗಬೇಡ.

ನಿನಗೆ ಫೋನ್ ಆಗದು, ನನಗೆ ಮೊಟಕು ಮೆಸೇಜು ಸಾಲದು. ಕಾಗದವೇ ಗತಿ. ಬೇಗ ಬರೆ.

ತಂಗಿ

*

ಜನವರಿ ೨೪

ಬಡಾಯಿಗೆ,

ಕಂಚೋ ತಾಮ್ರವೋ, ನಮಗೆ ನೀನು ಚಿಕ್ಕಂದಿನ ಬಡಾಯಿಯೇ. ಕಾಗದ ಓದಿ ಖುಷಿಯಾಯಿತು. ಅಮ್ಮನಿಗೆ ಓದಿ ಹೇಳಿದೆ, ಸಾಲುಗಳ ವಿಷಯ ಬಿಟ್ಟು. “ಊಟ ಸರಿಯಾಗಿ ಮಾಡ್ತಿದ್ದಾಳಂತಾ?” ಎಂದು ಕೇಳಿದಳು. ಅದನ್ನು ನೀನು ಬರೆದಿರಲಿಲ್ಲ. ಮಾಡುತ್ತಿದ್ದಾಳೆ ಎಂದು ನಾನೇ ಸೇರಿಸಿದೆ.

ಇದರ ಜೊತೆ ಎರಡು ಹಾಡು ಇಟ್ಟಿದ್ದೇನೆ. ಬರೆಯುವುದು ಈ ಸಲ ಸ್ವಲ್ಪ ಕಷ್ಟವಾಯಿತು. ಆಸ್ಪತ್ರೆಯವರು ನಮ್ಮ ಲಾಂಡ್ರಿಗೆ ಹೊಸ ಡ್ರೈಯರ್ ತರಿಸಿದ್ದಾರೆ. ಹಳೆಯದು ಪ್ರತಿ ಸುತ್ತಿಗೂ ಒಂದು ಕಡೆ ಧಪ್ ಎನ್ನುತ್ತಿತ್ತು, ಆ ಧಪ್ಪಿನ ಮೇಲೆ ನಾನು ಸಾಲು ಕಟ್ಟುತ್ತಿದ್ದೆ. ಹೊಸದು ಸಾಧುಪ್ರಾಣಿ, ಇದೆಯೋ ಇಲ್ಲವೋ ಗೊತ್ತಾಗದು. ಕೊನೆಗೆ ಬೆಡ್‌ಶೀಟ್ ಮಡಿಸುವ ಲಯಕ್ಕೆ ಕಟ್ಟಿದೆ: ಕೊಡವು, ಹಿಡಿ, ಸೇರಿಸು, ಮಡಿಸು. ಮನಸ್ಸಿನಲ್ಲೇ, ತುಟಿ ಬಿಚ್ಚದೆ.

ಅಡ್ಡಗೆರೆ ಹಾಕಿದ ಕಡೆ ಉಸಿರು ತೆಗೆದುಕೋ. ಬೇರೆ ಕಡೆ ಬೇಡ. ‘ನಾನು’ ಎಂದು ಧಾರಾಳವಾಗಿ ಬರೆದಿದ್ದೇನೆ. ನಮ್ಮ ಭಾಷೆಯ ‘ನಾನು’ ಗಂಡೂ ಅಲ್ಲ ಹೆಣ್ಣೂ ಅಲ್ಲ, ಒಳ್ಳೆಯದೇ ಆಯಿತು.

ಆ ಹೆಡ್‌ಫೋನ್ ಮೆಚ್ಚಿದ ‘ರೀತಿ’ ಯಾವುದು? ನನ್ನ ಡಬ್ಬಾ ಫೋನಿನಲ್ಲಿ ಹಾಡು ಬರುವುದಿಲ್ಲವಲ್ಲ. ಬಿಡಿಸಿ ಬರೆ.

ಅಣ್ಣ

*

ಮಾರ್ಚ್ ೮

ಅಣ್ಣಾ,

ತಡವಾಯಿತು, ಬೈಯಬೇಡ. ‘ನಿಲ್ಲು’ ಹೊರಗೆ ಬಂದಿದೆ. ಅಂಗಡಿಗೆ ಬರುವ ಹುಡುಗಿಯರು ಚಪ್ಪಲಿ ಹಾಕಿ ನೋಡುವುದನ್ನು ಬಿಟ್ಟು ನನ್ನನ್ನು ನೋಡುತ್ತಾರೆ. ನಿನ್ನೆ ಒಬ್ಬಳು, “ನೀವು ಕಂಚು ಅಲ್ವಾ? ಹಂಗಾದ್ರೆ ಇಲ್ಲೇನ್ ಮಾಡ್ತಿದೀರಾ?” ಎಂದು ಕೇಳಿದಳು. “ನಿಮಗೆ ಎಡಗಾಲು ಹಾಕಿಸ್ತಿದೀನಿ” ಅಂದೆ. ನಮ್ಮ ಮಾಲೀಕರಿಗೆ ಮಾತ್ರ ಸಂಭ್ರಮವೋ ಸಂಭ್ರಮ. ಬಾಗಿಲಲ್ಲಿ ನನ್ನ ಹಾಡು ಹಾಕಿಬಿಟ್ಟಿದ್ದಾರೆ.

ಒಂದು ಕಂಪನಿಯವರು ಪೂರ್ತಿ ಆಲ್ಬಂ ಮಾಡೋಣ ಎನ್ನುತ್ತಿದ್ದಾರೆ. ರೇಡಿಯೋದವರು ಕರೆದು ಸಂದರ್ಶನ ಮಾಡಿದರು. ಅವರು ಏನೇನೋ ಕೇಳಿದರು, ನಾನು ಏನೇನೋ ಹೇಳಿದೆ.

ರೀತಿ ಎಂದರೆ ದೊಡ್ಡದೇನಿಲ್ಲ. ತಾಳಕ್ಕಿಂತ ಸ್ವಲ್ಪ ತಡವಾಗಿ ಬರುತ್ತೇನೆ, ಅಷ್ಟೇ. ನೀನು ಇಲ್ಲಿಗೆ ಬಂದಾಗ ಕೇಳುವೆಯಂತೆ.

ಊಟ ಸರಿಯಾಗಿ ಮಾಡುತ್ತಿದ್ದೇನೆ ಎಂದು ಅಮ್ಮನಿಗೆ ಹೇಳು. ಈ ಸಲ ನಾನೇ ಬರೆದಿದ್ದೇನೆ, ನೋಡು. ಮತ್ತೆ, ಹೊಸ ಹಾಡುಗಳು ಯಾವಾಗ?

ತಂಗಿ

*

ಮಾರ್ಚ್ ೩೦

ತಂಗಿಗೆ,

ಹಾಡು ಕೇಳಿದೆ. ನೀನು ಕೇಳಿಸಲಿಲ್ಲ, ತಾನಾಗಿ ಕೇಳಿಸಿತು.

ನಮ್ಮಲ್ಲಿ ಇಸ್ತ್ರಿ ವಿಭಾಗಕ್ಕೆ ಹೊಸಬನೊಬ್ಬ ಬಂದಿದ್ದಾನೆ. ಒಳ್ಳೆಯವನು, ಬಾಯಿಗೆ ಬಿಡುವಿಲ್ಲದವನು. ಮೊನ್ನೆ ಫೋನನ್ನು ಕಿಟಕಿಯಲ್ಲಿಟ್ಟು ಹಾಡು ಹಾಕಿದ. ನಿನ್ನ ದನಿ ತಕ್ಷಣ ಗುರುತು ಸಿಕ್ಕಿತು. ಕೈಯಲ್ಲಿದ್ದ ಬಟ್ಟೆಯ ಗಂಟು ಹಾಗೇ ಇಟ್ಟು ನಿಂತೆ.

“ನ... ನ... ನಿಲ್ಲು.”

ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡು, ಒಂದು ಕ್ಷಣ ಉಸಿರು ಕಟ್ಟಿ, ಆಮೇಲೆ ಎಲ್ಲ ಒಟ್ಟಿಗೆ ಹೊರಗೆ ಬೀಳುವುದು. ನಾನು ಅಡ್ಡಗೆರೆ ಹಾಕಿದ ಜಾಗ ಅದಲ್ಲ. ಆ ಜಾಗ ನನಗೆ ಬೇರೆ ರೀತಿಯಲ್ಲಿ ಗೊತ್ತು.

ಹಾಡು ಮುಗಿದ ಮೇಲೆ ಏನಾದರೂ ಮಾತಾಡಬೇಕಲ್ಲ ಎಂದು ಅವನನ್ನು ಬಕೆಟ್ ಕೇಳಿದೆ. “ಬ... ಬ... ಬಕೆಟ್ ಕೊಡು.”

ಅವನು ಬಿದ್ದು ಬಿದ್ದು ನಕ್ಕ. “ಅಯ್ಯೋ ಗುರು, ನೀನೂ ಕಂಚು ಫ್ಯಾನಾ? ಹೆಚ್ಚುಕಮ್ಮಿ ಅವಳ ಥರಾನೇ ಮಾಡ್ತೀಯ! ಆದ್ರೆ ಅವಳಷ್ಟು ನೀಟಾಗಿ ಬರ್ತಿಲ್ಲ, ಇನ್ನೂ ಪ್ರಾಕ್ಟೀಸ್ ಬೇಕು.”

ಮಾತು ಬಂದಾಗಿನಿಂದ ಪ್ರಾಕ್ಟೀಸ್ ಮಾಡುತ್ತಲೇ ಇದ್ದೇನೆ ಎಂದು ಹೇಳಬೇಕೆನಿಸಿತು. ಹೇಳಿದ್ದರೆ ಇನ್ನೊಮ್ಮೆ ನಗುತ್ತಿದ್ದ. ಅವನ ತಪ್ಪೇನೂ ಇಲ್ಲ. ಅವನು ಮೊದಲು ನಿನ್ನನ್ನು ಕೇಳಿದ, ಆಮೇಲೆ ನನ್ನನ್ನು ಕೇಳಿದ.

ಸಾಲುಗಳನ್ನು ನಾನೇ ಕೊಟ್ಟಿದ್ದೆ. ಇದನ್ನು ಕೊಟ್ಟಿರಲಿಲ್ಲ.

ಹೊಸ ಹಾಡುಗಳಿಲ್ಲ.

ಅಣ್ಣ

*

ಏಪ್ರಿಲ್ ೬

ಪ್ರೀತಿಯ ಅಣ್ಣ,

ನಿನ್ನ ಕಾಗದ ನೋಡಿ ಮನಸ್ಸಿಗೆ ಕಸಿವಿಸಿಯಾಯಿತು. ನಿನ್ನ ಕೋಪ ಅರ್ಥವಾಗುತ್ತದೆ. ಬರೆದದ್ದೆಲ್ಲ ನೀನು, ಹೆಸರೆಲ್ಲ ನನಗೆ. ಯಾರಿಗಾದರೂ ಬೇಸರವಾಗದೆ ಇರುತ್ತದೆಯೇ? ಅಂದು ನೀನು ಬೇಡವೆಂದಾಗ ನಾನು ಸುಮ್ಮನಾಗಬಾರದಿತ್ತು.

ಕಂಪನಿಯವರ ಹತ್ತಿರ ಮಾತಾಡುತ್ತೇನೆ. ಆಲ್ಬಮ್ಮಿನ ಮೇಲೆ ನಿನ್ನ ಹೆಸರು ಹಾಕಿಸುತ್ತೇನೆ. ಸಣ್ಣ ಅಕ್ಷರದಲ್ಲಲ್ಲ, ನನ್ನಷ್ಟೇ ದೊಡ್ಡದಾಗಿ. ಬೇಕಾದರೆ ನಿನ್ನ ಫೋಟೋವನ್ನೂ ಹಾಕಿಸೋಣ, ಆ ನೀಲಿ ಅಂಗಿ ಹಾಕಿಕೊಂಡದ್ದು.

ಆ ಇಸ್ತ್ರಿಯವನ ಮಾತನ್ನು ತಲೆಗೆ ಹಚ್ಚಿಕೊಳ್ಳಬೇಡ. ಪಾಪ, ಅವನಿಗೇನು ಗೊತ್ತು.

ಹಾಡುಗಳನ್ನು ಮಾತ್ರ ನಿಲ್ಲಿಸಬೇಡ. ತಿಂಗಳ ಕೊನೆಗೆ ರೆಕಾರ್ಡಿಂಗ್ ಇಟ್ಟಿದ್ದಾರೆ.

ತಂಗಿ

*

ಮೇ ೧೯

ಅಣ್ಣನಿಗೆ,

ಏಪ್ರಿಲ್‌ನ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಈಗ ಅದರ ನಕಲು ಓದಿದರೆ ನನಗೇ ನಾಚಿಕೆಯಾಗುತ್ತದೆ. ನೀನು ಒಂದು ಹೇಳಿದರೆ ನಾನು ಇನ್ನೊಂದಕ್ಕೆ ಉತ್ತರ ಕೊಟ್ಟಿದ್ದೇನೆ.

ಇಲ್ಲಿ ಆದದ್ದನ್ನು ಮೊದಲು ಹೇಳಿಬಿಡುತ್ತೇನೆ. ರೆಕಾರ್ಡಿಂಗ್ ದಿನ, ನೀನು ಜನವರಿಯಲ್ಲಿ ಕಳಿಸಿದ ಎರಡನ್ನು ಬಿಟ್ಟರೆ, ನನ್ನ ಹತ್ತಿರ ಹಾಡಿರಲಿಲ್ಲ. ಗಂಟಲು ಸರಿಯಿಲ್ಲ ಎಂದು ಮುಂದೂಡಿದೆ. ಅಷ್ಟರಲ್ಲಿ ಗರಗಸ ಎನ್ನುವ ಇನ್ನೊಬ್ಬ ರ‍್ಯಾಪ್‌ನವನು ನನ್ನ ಮೇಲೆ ಒಂದು ಹಾಡು ಬಿಟ್ಟ. ‘ಬಾಡಿಗೆ ಬಾಯಿ’ ಎಂದು. ರ‍್ಯಾಪ್‌ನವರಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಅಪ್ಪ ಅಮ್ಮನನ್ನು ಬೈದರೂ ನಕ್ಕು ಬಿಡುತ್ತಾರೆ, ‘ನಿನ್ನ ಸಾಲು ನಿನ್ನದಲ್ಲ’ ಎಂದರೆ ಮುಗಿಯಿತು. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ರೇಡಿಯೋದಲ್ಲಿ ನಾನು ಮಾತಾಡಿದ್ದನ್ನು ಕೇಳಿದನಂತೆ. “ಮಾತಾಡೋವಾಗ ಪಟಪಟ ಅಂತಾಳೆ, ಹಾಡೋವಾಗ ತಡವರಿಸ್ತಾಳೆ. ಇವೆರಡೂ ಒಂದೇ ತಲೆಯಿಂದ ಬಂದಿದ್ದಲ್ಲ” ಎಂದ. ಸರಿಯಾಗಿಯೇ ಹೇಳಿದ.

ಆ ಸಂದರ್ಶನದಲ್ಲಿ ನಾನು ಹೇಳಿದ್ದು ಇದು: “ಎಲ್ಲಾ ನಾನೇ ಬರೀತೀನಿ.” ಅಂದು ನಿನಗೆ ‘ಏನೇನೋ ಹೇಳಿದೆ’ ಎಂದು ಬರೆದೆನಲ್ಲ, ಅದು ಇದೇ.

ಇನ್ನು ಆ ‘ರೀತಿ’. ನಿನ್ನನ್ನು ಅಣಕಿಸಬೇಕೆಂದು ಮಾಡಿದ್ದಲ್ಲ. ನಿನ್ನ ಸಾಲನ್ನು ಮೊದಲು ನನ್ನ ಧಾಟಿಯಲ್ಲೇ ಗಡಗಡ ಹೇಳಿ ನೋಡಿದೆ. ಏನೂ ಆಗಲಿಲ್ಲ. ಔಷಧಿ ಡಬ್ಬಿಯ ಮೇಲಿನ ಸೂಚನೆ ಓದಿದ ಹಾಗಿತ್ತು. ಒಂದು ದಿನ ಅಂಗಡಿಯ ಗೋಡೌನಿನಲ್ಲಿ ರಟ್ಟಿನ ಪೆಟ್ಟಿಗೆ ಜೋಡಿಸುತ್ತ, ಇದನ್ನು ನೀನಾಗಿದ್ದರೆ ಹೇಗೆ ಹೇಳುತ್ತಿದ್ದೆ ಎಂದು ಯೋಚಿಸಿದೆ. ಬಾಯಿ ತಾನಾಗಿ ನಿಂತಿತು. ನಿಂತ ಮೇಲೆ ಬಂದ ಪದಕ್ಕೆ ಎಷ್ಟು ತೂಕವಿತ್ತೆಂದರೆ ನನಗೇ ಹೆದರಿಕೆಯಾಯಿತು.

ಆಗ ಇನ್ನೊಂದೂ ನೆನಪಾಯಿತು. ಸಣ್ಣವರಿದ್ದಾಗ ನೀನು ಬಾಯಿ ತೆರೆದರೆ ನಾನೇ ಮುಗಿಸುತ್ತಿದ್ದೆ. ಅಂಗಡಿಯಲ್ಲಿ, ಶಾಲೆಯಲ್ಲಿ, ನೆಂಟರ ಮುಂದೆ. “ಅಣ್ಣಂಗೆ ಪೆನ್ಸಿಲ್ ಬೇಕಂತೆ.” ಎಲ್ಲರೂ ನನ್ನನ್ನು ಜಾಣೆ ಎನ್ನುತ್ತಿದ್ದರು. ಒಮ್ಮೆಯಾದರೂ ನಿನಗೆ ಬೇಕಾದದ್ದು ರಬ್ಬರ್ ಆಗಿತ್ತೋ ಏನೋ. ‘ನೀ ಕೊಟ್ಟ ಉತ್ತರಕ್ಕೆ ನನ್ನ ಪ್ರಶ್ನೆ ಎಲ್ಲಿದೆ’ ಎಂದು ನೀನು ಬರೆದದ್ದು ಲೋಕವನ್ನು ಕುರಿತು ಎಂದುಕೊಂಡು ಹಾಡಿದೆ. ಅದು ನನ್ನನ್ನು ಕುರಿತದ್ದು, ಅಲ್ಲವಾ?

ಗರಗಸನಿಗೆ ಉತ್ತರವಾಗಿ ನಾನೇ ಒಂದು ಹಾಡು ಬರೆದಿದ್ದೇನೆ. ಜೊತೆಗಿಟ್ಟಿದ್ದೇನೆ. ಚೆನ್ನಾಗಿಲ್ಲ. ತಿದ್ದಿಕೊಡು. ಇದೊಂದೇ ಸಲ.

ತಂಗಿ

*

ಜೂನ್ ೨

ಬಡಾಯಿಗೆ,

ನಿನ್ನ ಹಾಡನ್ನು ತಿದ್ದದೆ ವಾಪಸು ಕಳಿಸುತ್ತಿದ್ದೇನೆ. ಕೋಪದಿಂದಲ್ಲ. ಅದರಲ್ಲಿ ತಿದ್ದುವುದಕ್ಕೆ ನೀನೇ ಇಲ್ಲ. ‘ತಡೆ, ತಡೆ, ನನ್ನ ಎದೆಯ ಕದ ತಟ್ಟುವ ತನಕ ತಡೆ’ ಎಂದು ಬರೆದಿದ್ದೀಯ. ನಿನ್ನನ್ನು ಯಾರು ತಡೆದಿದ್ದಾರೆ? ಹುಟ್ಟಿದಾಗಿನಿಂದ ನಿನ್ನ ಬಾಯಿಗೆ ಅಡ್ಡ ಬಂದವರಿಲ್ಲ. ನನ್ನ ಅಂಗಿಯನ್ನು ನೀನು ಹಾಕಿಕೊಂಡ ಹಾಗಿದೆ. ತೋಳು ಉದ್ದ, ಹೆಗಲು ಜೋಲು.

ಮೇ ತಿಂಗಳಲ್ಲಿ ನಾನು ಇಸ್ತ್ರಿಯವನ ಫೋನು ಕೇಳಿ ಇಸಿದುಕೊಂಡು, ಬಟ್ಟೆ ಗಾಡಿಗಳ ಹಿಂದೆ ಕೂತು ‘ನಿಲ್ಲು’ವನ್ನು ಪೂರ್ತಿ ಕೇಳಿದೆ. ನನ್ನನ್ನು ಅಣಕಿಸುವವರನ್ನು ನಾನು ದೂರದಿಂದಲೇ ಗುರುತಿಸುತ್ತೇನೆ. ಅವರು ನಿಲ್ಲುವ ಜಾಗದಲ್ಲಿ ಒಂದು ನಗು ಅಡಗಿರುತ್ತದೆ. ನೀನು ನಿಂತ ಕಡೆ ಅದಿರಲಿಲ್ಲ. ನೀನು ಅಲ್ಲಿ ಸುಮ್ಮನೆ ಕಾದಿದ್ದೀಯ. ಅಷ್ಟು ಹೊತ್ತು ನನ್ನ ಮಾತಿಗೆ ಯಾರೂ ಕಾದದ್ದು ನೆನಪಿಲ್ಲ. ಅದನ್ನು ಒಪ್ಪುತ್ತೇನೆ. ಆದರೂ ನೀನು ಕೇಳದೆ ತೆಗೆದುಕೊಂಡೆ. ಅದೂ ನಿಜ. ಎರಡೂ ಇರಲಿ.

ಹೌದು, ಆ ಸಾಲು ನಿನ್ನನ್ನು ಕುರಿತದ್ದೇ. ಬರೆಯುವಾಗ ಸಿಟ್ಟೇನೂ ಇರಲಿಲ್ಲ. ಪೆನ್ಸಿಲ್ಲೇ ಬೇಕಾಗಿತ್ತು, ಹೆಚ್ಚಿನ ಸಲ. ಆದರೆ ಒಮ್ಮೆ ಅಮ್ಮನಿಗೆ ‘ನನಗೆ ಶಾಲೆ ಬದಲಾಯಿಸು’ ಎಂದು ಹೇಳಲು ಹೊರಟಿದ್ದೆ. ‘ಶಾ’ ಎನ್ನುವಷ್ಟರಲ್ಲಿ ನೀನು “ಶಾಲೆಗೆ ಹೊಸ ಚೀಲ ಬೇಕಂತೆ” ಅಂದೆ. ಹೊಸ ಚೀಲ ಬಂತು. ಚೆನ್ನಾಗಿಯೇ ಇತ್ತು.

ನೀನು ಬರೆಯುವುದಾದರೆ ಅಂಗಡಿಯಲ್ಲಿ ಮಾತಾಡುವ ಹಾಗೆ ಬರೆ. ನಿನಗೆ ಪೂರ್ಣವಿರಾಮದ ಅಭ್ಯಾಸವೇ ಇಲ್ಲ. ಒಂದೇ ಉಸಿರಿಗೆ ಇಡೀ ದಿನದ ವರದಿ ಒಪ್ಪಿಸುತ್ತಿದ್ದವಳು ನೀನು. ಆ ಉಸಿರು ನನ್ನ ಹತ್ತಿರ ಇಲ್ಲ, ಆ ಗರಗಸನ ಹತ್ತಿರವೂ ಇರಲಾರದು.

ನಾನು ಬರೆದುಕೊಡುವುದಿಲ್ಲ. ಇದನ್ನು ಬೇಸರದಿಂದ ಹೇಳುತ್ತಿಲ್ಲ.

ಅಣ್ಣ

*

ಜುಲೈ ೧೪

ಅಣ್ಣಾ,

ಶನಿವಾರ ಅದೇ ನೆಲಮಾಳಿಗೆಯಲ್ಲಿ ನಿಂತೆ. ಗರಗಸನೂ ಬಂದಿದ್ದ, ಮೊದಲ ಸಾಲಿನಲ್ಲಿ ಕೈ ಕಟ್ಟಿಕೊಂಡು. ತಾಳ ಹಾಕುವವನಿಗೆ ಸ್ವಲ್ಪ ತಡೆ ಅಂದೆ. ಮೈಕಿನಲ್ಲಿ ಹೀಗೆ ಹೇಳಿದೆ: “ಇಲ್ಲಿವರೆಗೂ ನಾನು ಹಾಡಿದ್ದೆಲ್ಲಾ ನಮ್ಮಣ್ಣ ಬರ್ದಿದ್ದು. ನಾನೇ ಬರ್ದೆ ಅಂತ ರೇಡಿಯೋದಲ್ಲಿ ಹೇಳಿದ್ದು ಸುಳ್ಳು. ನಾನು ತಡವರಿಸ್ತೀನಲ್ಲ, ಅದೂ ಅವನದ್ದೇ, ಅವನ್ನ ಕೇಳ್ದೇನೇ ತಗೊಂಡಿದ್ದು.”

ಯಾರೋ ಸಿಳ್ಳೆ ಹಾಕಿದರು, ಹೊಗಳಿಕೆಯ ಸಿಳ್ಳೆಯಲ್ಲ. ಒಂದಷ್ಟು ಜನ ಎದ್ದು ಹೋದರು. ಆದರೂ ನಿಂತೆ, ನನ್ನದನ್ನು ಶುರುಮಾಡಿದೆ. ಇದು ಪೂರ್ತಿ ನನ್ನದು, ನೋಡು:

ಬಂದ್ರಾ ಬನ್ನಿ ಕೂತ್ಕೊಳ್ಳಿ ಕಾಲ್ ಕೊಡಿ ಇದು ಬೇಡ್ವಾ ಅದು ನೋಡಿ
ಬಿಗಿ ಆಯ್ತಾ ಸಡಿಲ ಆಯ್ತಾ ಎದ್ದ್ ನಿಂತು ನಡೆದ್ ನೋಡಿ
ಊರಿನ್ ಕಾಲೆಲ್ಲಾ ಹಿಡಿದಿದೀನಿ, ಯಾರ ಕಾಲ್ಗೂ ಬಿದ್ದಿಲ್ಲ ನೋಡಿ!

ನಡುವೆ ಉಸಿರು ತೆಗೆದುಕೊಳ್ಳಲಿಲ್ಲ. ಕೊನೆಯ ಸಾಲಿಗೆ ಕಣ್ಣು ಕತ್ತಲೆ ಬಂತು. ಜನ ಕುಣಿದು ಕುಪ್ಪಳಿಸಿದರು ಎಂದರೆ ಬಡಾಯಿಯಾಗುತ್ತದೆ. ಉಳಿದವರು ಚಪ್ಪಾಳೆ ತಟ್ಟಿದರು. ಗರಗಸ ಹೋಗುವಾಗ ಹತ್ತಿರ ಬಂದು, “ಇದು ನಿಂದೇ. ಗೊತ್ತಾಗತ್ತೆ” ಅಂದು ಹೋದ. ಅವನ ಬಾಯಿಂದ ಇಷ್ಟು ಬಂದದ್ದೇ ಹೆಚ್ಚು.

ಕಂಪನಿಯವರು ಆಲ್ಬಂ ಕೈಬಿಟ್ಟರು. ಅವರಿಗೆ ಬೇಕಾದದ್ದು ‘ನಿಲ್ಲು’ವಿನ ಕಂಚು. ಅವಳು ಇಲ್ಲವೆಂದ ಮೇಲೆ ಅವರಾದರೂ ಏನು ಮಾಡಿಯಾರು. ಅಂಗಡಿಯ ಬಾಗಿಲಲ್ಲಿ ಈಗ ಬೇರೆ ಹಾಡು ಬರುತ್ತದೆ. ಎರಡು ದಿನ ಅತ್ತೆ. ಆಮೇಲೆ ರಿಯಾಯಿತಿ ಮಾರಾಟ ಶುರುವಾಯಿತು, ಅಳುವುದಕ್ಕೆ ಪುರುಸೊತ್ತಾಗಲಿಲ್ಲ.

‘ನಿಲ್ಲು’ವನ್ನು ನಾನು ಹಾಡುವುದು ಬಿಟ್ಟಿದ್ದೇನೆ. ಹೆಡ್‌ಫೋನ್ ನನ್ನನ್ನು ಬಿಟ್ಟಿಲ್ಲ. “ಬರ್ದವನ ಬಾಯಲ್ಲಿ ಒಂದ್ಸಲ ಕೇಳ್ಬೇಕು” ಎಂದು ಹಠ ಹಿಡಿದಿದ್ದಾನೆ. ಯಂತ್ರ ಹೊತ್ತುಕೊಂಡು ನೀನಿರುವಲ್ಲಿಗೇ ಬರುತ್ತಾನಂತೆ. ಮಾರಾಟ ಮುಗಿಯುವ ತನಕ ನನಗೆ ರಜೆ ಸಿಗದು. ಬೇಡ ಎನ್ನಿಸಿದರೆ ಬೇಡ ಎಂದು ಬರೆ. ಈ ಸಲ ನಿನ್ನ ಪರವಾಗಿ ನಾನು ಏನೂ ಹೇಳಿಲ್ಲ.

ತಂಗಿ

*

ಆಗಸ್ಟ್ ೨೭

ಬಡಾಯಿಗೆ,

ನಿನ್ನ ಚಪ್ಪಲಿ ಹಾಡನ್ನು ಹೆಡ್‌ಫೋನ್ ಕೇಳಿಸಿದ. ಕೇಳಿ ನನಗೇ ಏದುಸಿರು ಬಂತು. ಅಮ್ಮ, “ಇದು ನಮ್ಮನೆ ಹುಡುಗೀನೇ, ಸಂಶಯವಿಲ್ಲ” ಅಂದಳು.

ಬಾ ಎಂದು ಅವನಿಗೆ ಬರೆದಿದ್ದೆ, ಬಂದ. ರೆಕಾರ್ಡಿಂಗ್‌ಗೆ ಸದ್ದಿಲ್ಲದ ಜಾಗ ಬೇಕೆಂದ. ನಮ್ಮ ಮನೆ ಎಂದರೆ ರಸ್ತೆ ಬದಿ, ಬಸ್ಸುಗಳ ಸಂತೆ. ಕೊನೆಗೆ ಲಾಂಡ್ರಿಯ ಮೇಲ್ವಿಚಾರಕಿಯನ್ನು ಕೇಳಿ, ಒಗೆದ ಕಂಬಳಿಗಳನ್ನು ಇಡುವ ನಮ್ಮ ಕೋಣೆಗೆ ಕರೆದುಕೊಂಡು ಹೋದೆ. ನೆಲದಿಂದ ಸೂರಿನ ತನಕ ಕಂಬಳಿ. ಹೆಡ್‌ಫೋನ್ ಒಳಗೆ ಬಂದು ಒಂದು ಚಪ್ಪಾಳೆ ತಟ್ಟಿದ. ಸದ್ದು ಅಲ್ಲೇ ಸತ್ತುಹೋಯಿತು. “ನನ್ನ ಸ್ಟುಡಿಯೋಗಿಂತ ಇದೇ ಚೆನ್ನಾಗಿದೆ” ಎಂದು ಹೊಟ್ಟೆಕಿಚ್ಚುಪಟ್ಟ. ಅಮ್ಮ ಬರುತ್ತೇನೆಂದು ಹಟ ಮಾಡಿದ್ದಳು, ಒಂದು ಕಂಬಳಿಯ ಗಂಟಿನ ಮೇಲೆ ಕೂತಳು. ಹಾಡು ನನ್ನದೆಂದು ಅವಳಿಗೆ ಹಿಂದಿನ ದಿನವಷ್ಟೇ ಹೇಳಿದ್ದೆ. “ಗೊತ್ತಿತ್ತು ಬಿಡು. ಅವಳಿಗೆ ಅಷ್ಟೆಲ್ಲಾ ಯೋಚನೆ ಮಾಡೋ ತಾಳ್ಮೆ ಎಲ್ಲಿದೆ?” ಅಂದಳು.

ಅವನು ತಾಳ ಹಾಕಿದ. ಜೀವನದಲ್ಲಿ ಎಂದೂ ನನ್ನ ಸಾಲನ್ನು ನಾನು ಗಟ್ಟಿಯಾಗಿ ಹೇಳಿದವನಲ್ಲ. ಬಾಯಿ ತೆರೆದೆ.

ತಂಗೀ, ಒಂದು ಕಡೆಯೂ ನಿಲ್ಲಲಿಲ್ಲ.

‘ನಿಲ್ಲು’ವಿನಿಂದ ಕೊನೆಯ ಅಕ್ಷರದ ತನಕ ಸೊಂಟಕ್ಕೆ ಹಗ್ಗ ಕಟ್ಟಿ ಯಾರೋ ಎಳೆದುಕೊಂಡು ಹೋದ ಹಾಗೆ ಹೋದೆ. ತಾಳ ಇದ್ದರೆ ನನಗೆ ತಡೆಯೇ ಇಲ್ಲ! ಇಷ್ಟು ವರ್ಷ ನನ್ನ ಬಾಯಿಯ ಈ ಗುಟ್ಟು ನನಗೇ ತಿಳಿದಿರಲಿಲ್ಲ. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

ಹೆಡ್‌ಫೋನ್ ಮಾತ್ರ ಸಪ್ಪೆ ಮೋರೆ ಹಾಕಿಕೊಂಡ. “ಚೆನ್ನಾಗಿದೆ. ಆದ್ರೆ... ಅದು ಎಲ್ಲಿ? ಅದೇ, ನಿಲ್ಲೋದು? ನಿಮ್ಮದೇ ಅಂದ್ರಲ್ಲಾ. ಸ್ವಲ್ಪ ತಡವರಿಸಿ, ಇನ್ನೊಂದ್ ಸಲ ತಗೊಳ್ಳೋಣ.”

“ಆ... ಆ... ಆಗಲ್ಲ” ಅಂದೆ.

“ಅದೇ! ಅದೇ ಬೇಕಾಗಿತ್ತು!” ಎಂದು ಯಂತ್ರದ ಕಡೆ ಹಾರಿದ. ಅದನ್ನು ಆಗಲೇ ಆರಿಸಿಬಿಟ್ಟಿದ್ದ. ಅವನ ಮುಖ ನೋಡಿ ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಅವನೂ ನಕ್ಕ, ಅಮ್ಮನೂ ನಕ್ಕಳು. ಕಂಬಳಿಗಳ ನಡುವೆ ನಮ್ಮ ನಗು ಹೊರಗೆ ಯಾರಿಗೂ ಕೇಳಿಸಿರಲಾರದು.

ಹಾಗೇ ಇರಲಿ, ನಿಲ್ಲದೆ ಬಂದದ್ದೇ ಹೊರಗೆ ಹೋಗಲಿ ಎಂದು ತೀರ್ಮಾನವಾಯಿತು. ನಿನಗೆ ಮನಸ್ಸಿದ್ದರೆ ನೀನು ನಿಂತು ನಿಂತು ಹಾಡು. ಈಗ ನಾನಾಗಿಯೇ ಕೊಡುತ್ತಿದ್ದೇನೆ, ತೆಗೆದುಕೋ.

ಯಂತ್ರ ಮಡಿಸಿಟ್ಟು ಹೆಡ್‌ಫೋನ್ ಜೇಬಿನಿಂದ ಪೆನ್ನು ತೆಗೆದ. “ಹಾಡಿನ ಮೇಲೆ ಹೆಸರು ಏನಂತ ಹಾಕ್ಲಿ?” ಎಂದು ಕೇಳಿದ. ವೇದಿಕೆಯ ಹೆಸರು ನನಗೆ ಯಾವುದಿದೆ? ನನ್ನ ಹೆಸರು ನನಗೆ ಎಲ್ಲಕ್ಕಿಂತ ಕಷ್ಟದ ಪದ. ಬ್ಯಾಂಕಿನಲ್ಲಿ, ಬಸ್ಸಿನಲ್ಲಿ, ಯಾರು ಕೇಳಿದರೂ ಗುರುತಿನ ಚೀಟಿ ಮುಂದೆ ಹಿಡಿದೇ ಕಾಲ ಹಾಕಿದ್ದೇನೆ. ಚೀಟಿ ಜೇಬಿನಲ್ಲೇ ಇತ್ತು. ಕೈ ಅಲ್ಲಿಗೆ ಹೋಗಲಿಲ್ಲ.

ಮೊದಲ ಅಕ್ಷರ ಎಂದಿನಂತೆ ಸಿಕ್ಕಿಕೊಂಡಿತು. ಹೆಡ್‌ಫೋನ್ ಪೆನ್ನು ಹಿಡಿದು ಕಾದ. ಅಮ್ಮ ಹೇಳಲು ಬಾಯಿ ತೆರೆದಳು, ಏನನ್ನಿಸಿತೋ, ಮುಚ್ಚಿಕೊಂಡಳು. ಯಾರಿಗೂ ಅವಸರವಿರಲಿಲ್ಲ.

ನಾನೇ ಹೇಳಿದೆ. ಅವನು ಬರೆದುಕೊಂಡ.

ಅಣ್ಣ